ಗಿಸೊಪನ ಅಮ್ಮ

ಕಿತ್ತಳೆ ತೊಳೆಯ ಮೇಲಿನ ಬಿಳಿ ನಾರನ್ನು ಅವಳು ಒಂದೊಂದಾಗಿ ಎಳೆಯುತ್ತಿದ್ದಾಳೆ, ಉಗುರಿನ ತುದಿಯಿಂದ, ತಪ್ಪಿದ ಹೊಲಿಗೆಯನ್ನು ಬಿಚ್ಚುವವಳ ಹಾಗೆ, ಒಂದೆಳೆಯೂ ಉಳಿಯಬಾರದು ಅನ್ನುವ ಹಾಗೆ, ಬಿಡಿಸಿದ್ದನ್ನು ತಿನ್ನುವುದಿಲ್ಲ, ಮಡಿಲಲ್ಲಿ ಹಾಸಿಕೊಂಡ ಕಾಗದದ ಮೇಲೆ ಸಾಲಾಗಿ ಇಡುತ್ತಾಳೆ, ಮತ್ತೊಂದನ್ನು ಎತ್ತಿಕೊಳ್ಳುತ್ತಾಳೆ — ದಾಲೆಯ ಅಮ್ಮ, ಗುಂಡಿ ಜಿಪ್ಪಿನ ಅಂಗಡಿಯವಳು, ನನ್ನ ಪಕ್ಕದ ಕುರ್ಚಿ, ಬಾಯಿಬಡುಕಿ ಅಂತ ಹೆಸರಾದವಳು ಇವತ್ತು ಬಂದಾಗಿನಿಂದ ತುಟಿ ಬಿಚ್ಚಿಲ್ಲ, ಏನಾಗಿದೆ ಇವಳಿಗೆ — ಕಣ್ಣು ಮುಚ್ಚಿ ಅಜ್ಜಿ, ಅನ್ನುತ್ತಾಳೆ ಲೀದಿಯಾ ಟೀಚರ್, ಉಸಿರು ಒಳಗೆ ತಗೊಳ್ಳಿ, ಹೊಟ್ಟೆ ತುಂಬಾ ತಗೊಳ್ಳಿ, ಈಗ ನಿಧಾನಕ್ಕೆ ಬಿಡಿ, ಉಸಿರಿನ ಜೊತೆ ಸಿಟ್ಟೂ ಹೊರಗೆ ಹೋಗುತ್ತೆ ನೋಡಿ. ಹೋಗುವುದಿಲ್ಲ. ಹೋಗುವುದಾದರೆ ಇಷ್ಟು ವರ್ಷದಲ್ಲಿ ಹೋಗಬೇಕಿತ್ತು, ನಾನೇನು ಉಸಿರಾಡದೆ ಬದುಕಿದ್ದೇನೆಯೇ, ಒಳಗೆ ಎಳೆದಷ್ಟೂ ಅದು ತಿದಿ ಊದಿದ ಕೆಂಡದ ಹಾಗೆ ಕೆಂಪಾಗುತ್ತದೆ, ಹೊಟ್ಟೆಯಿಂದ ಎದೆಗೆ, ಎದೆಯಿಂದ ಗಂಟಲಿಗೆ, ಅಲ್ಲಿ ಉಂಡೆಯಾಗಿ ಕೂತುಕೊಳ್ಳುತ್ತದೆ, ನುಂಗಲೂ ಆಗದು ಉಗಿಯಲೂ ಆಗದು. ಕೊರಿಯಾದಲ್ಲಿ ನನ್ನ ಅಜ್ಜಿಗೂ ಇತ್ತು, ಅವಳ ತಾಯಿಗೂ ಇತ್ತಂತೆ, ಬೆಂಕಿ ಕಾಯಿಲೆ ಅನ್ನುತ್ತಿದ್ದರು, ಚಳಿಗಾಲದಲ್ಲೂ ರವಿಕೆಯ ಗುಂಡಿ ತೆಗೆದು ಅಂಗಳದಲ್ಲಿ ನಿಂತುಕೊಳ್ಳುತ್ತಿದ್ದಳು ಅಜ್ಜಿ, ಯಾಕಜ್ಜಿ ಅಂದರೆ ಸೆಖೆ ಕಣೇ ಅನ್ನುತ್ತಿದ್ದಳು, ಸುತ್ತ ಹಿಮ. ಈ ಸಾವೊ ಪೌಲೊದಲ್ಲಿ ಹಿಮವಿಲ್ಲ, ಚರ್ಚಿನ ನೆಲಮಾಳಿಗೆ, ಒಂದು ಫ್ಯಾನು, ಪ್ಲಾಸ್ಟಿಕ್ ಕುರ್ಚಿಗಳ ವೃತ್ತ, ಮಂಗಳವಾರ ಮಧ್ಯಾಹ್ನದ ಮನಸ್ಸಿನ ಆರೋಗ್ಯದ ಗುಂಪು, ಮೊದಮೊದಲು ಯಾರೂ ಬರಲಿಲ್ಲ, ಹುಚ್ಚರ ಗುಂಪು ಅಂದುಕೊಂಡರು, ಆಮೇಲೆ ರಕ್ತದೊತ್ತಡ ನೋಡುತ್ತಾರೆ, ಹಣ್ಣು ಕೊಡುತ್ತಾರೆ ಅಂತ ಸುದ್ದಿಯಾದ ಮೇಲೆ ಕುರ್ಚಿ ಸಾಲದೆ ಹೋಯಿತು. ನಾನೂ ರಕ್ತದೊತ್ತಡಕ್ಕೇ ಬಂದವಳು. ಗೋಡೆಯ ಆಚೆ ಗಂಡಸರ ಚದುರಂಗ, ಮರದ ಕಾಯಿಯನ್ನು ಹಲಗೆಗೆ ಕುಟ್ಟುವ ಸದ್ದು, ಟಕ್, ಎಲ್ಲರಿಗಿಂತ ಜೋರಾಗಿ ಕುಟ್ಟುವವನು ನನ್ನ ಗಂಡ, ಸೋಲುವಾಗ ಇನ್ನೂ ಜೋರು, ಈ ಗೋಡೆಯೋ ಬರೀ ಹಲಗೆ, ಆ ಕಡೆಯವರಿಗೆ ಈ ಕಡೆಯ ಕೆಮ್ಮೂ ಕೇಳುತ್ತದೆ.

ಈಗ ಒಂದು ಹೊಸ ಆಟ ಆಡೋಣ, ಅನ್ನುತ್ತಾಳೆ ಲೀದಿಯಾ, ಇಲ್ಲೇ ಹುಟ್ಟಿದ ಹುಡುಗಿ, ಅವಳ ಕೊರಿಯನ್ ಮಾತಿಗೆ ಪೋರ್ಚುಗೀಸಿನ ಇಳಿಜಾರು, ಒಳ್ಳೆಯವಳೇ, ಒಳ್ಳೆಯವಳ ಮೇಲೆ ಸಿಟ್ಟು ಮಾಡಿಕೊಳ್ಳುವುದು ಇನ್ನೂ ಕಷ್ಟ. ಇವತ್ತು ನೀವ್ಯಾರೂ ಯಾರ ಅಮ್ಮನೂ ಅಲ್ಲ, ಯಾರ ಹೆಂಡತೀನೂ ಅಲ್ಲ, ನಿಮ್ಮ ನಿಮ್ಮ ಸ್ವಂತ ಹೆಸರು ಹೇಳಿ, ಆ ಹೆಸರಿನೋಳು ಹೇಗಿದಾಳೆ ಅಂತಾನೂ ಹೇಳಿ. ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ, ಮದುವೆ ಹೆಣ್ಣುಗಳ ಹಾಗೆ, ಎಷ್ಟೋ ವರ್ಷ ಆಯಿತಲ್ಲ ಆ ಹೆಸರುಗಳಿಗೆ ಗಾಳಿ ಬೆಳಕು ಸೋಕಿ, ಮಕ್ಕಳು ಹುಟ್ಟಿದ ದಿನ ಮಡಿಸಿ ಪೆಟ್ಟಿಗೆಯಲ್ಲಿ ಇಟ್ಟವು. ಅಕ್ಕಿ ಕಡುಬಿನ ಅಂಗಡಿಯವಳು ಯೊನ್‌ಹ್ವಾ ಅಂದಳು, ಅಂದರೆ ತಾವರೆ ಹೂವು ಅಂದಳು, ಎದುರು ಕೂತವಳು ಬಿಡುತ್ತಾಳೆಯೇ, ತಾವರೆ ಯಾವ ಕಾಲದಲ್ಲೋ ಅಕ್ಕ, ಈಗ ನೋಡಿದ್ರೆ ಕಿಮ್ಚಿಗೆ ಉಪ್ಪು ಹಾಕಿಟ್ಟ ಕೋಸಿನ ಥರ ಇದೀರಿ ಅಂದಳು, ನೀನೇನು ಎಳೆ ಸೌತೆಕಾಯಾ ಅಂತ ಇವಳು, ಮತ್ತೆ ನಗು, ಪಾಸ್ಟರ ಹೆಂಡತಿ ಕೂಡ ನಕ್ಕಳು, ಕಿತ್ತಳೆ ಬುಟ್ಟಿ ಹಿಡಿದು ಹಂಚುತ್ತಿದ್ದವಳು, ಈ ಮುದುಕಿಯರ ಗುಂಪಿನಲ್ಲೂ ನಾವೆಲ್ಲ ಅವಳನ್ನು ದೊಡ್ಡಮ್ಮ ಅನ್ನಬೇಕು, ನನಗಿಂತ ಚಿಕ್ಕವಳಾದರೂ ಅನ್ನಬೇಕು, ಪಾಸ್ಟರ ಹೆಂಡತಿಯಲ್ಲವೇ. ನನ್ನ ಸರದಿ. ಮಾಲ್ಸುನ್, ಅಂದೆ. ವಾ, ಚೆಂದ ಇದೆ ಅಜ್ಜಿ, ಏನರ್ಥ, ಅಂದಳು ಲೀದಿಯಾ. ಏನರ್ಥ ಅಂದರೆ ಕೊನೆಯದು ಅಂತ, ಹೆಣ್ಣು ಇಲ್ಲಿಗೆ ಸಾಕು, ಇನ್ನು ಬೇಡ ಅಂತ ನಮ್ಮಪ್ಪ ಇಟ್ಟದ್ದು, ನನ್ನನ್ನು ಕರೆಯಲು ಇಟ್ಟ ಹೆಸರಲ್ಲ ಅದು, ಮುಂದೆ ಬರುವವಳನ್ನು ತಡೆಯಲು ಬಾಗಿಲಿಗೆ ಇಟ್ಟ ಕಲ್ಲು. ಆ ಕಲ್ಲಿನ ಕೆಳಗಿನಿಂದ ನನ್ನನ್ನು ಎತ್ತಿದವನು ನನ್ನ ಮಗ, ಅವನು ಹುಟ್ಟಿದ ದಿನ ಮಾಲ್ಸುನ್ ಸತ್ತಳು, ಒಳ್ಳೆಯದೇ ಆಯಿತು, ಅವತ್ತಿನಿಂದ ನಾನು ಗಿಸೊಪನ ಅಮ್ಮ. ಬೀದಿ ತುಂಬ, ಗಿಸೊಪ್ ಅಮ್ಮ ನಿಮ್ಮಲ್ಲಿ ಕಪ್ಪು ದಾರ ಇದ್ಯಾ, ಗಿಸೊಪ್ ಅಮ್ಮ ಕಾಲರು ಇವತ್ತೇ ಬೇಕಂತೆ, ಗಂಡನೂ ಹಾಗೇ, ನಮ್ಮಲ್ಲಿ ಗಂಡ ಹೆಂಡತಿಯನ್ನು ಮಗುವಿನ ಹೆಸರಲ್ಲೇ ಕೂಗುವುದು, ಗಿಸೊಪ್ ಅಮ್ಮ ಊಟ ಬಡಿಸು. ನನ್ನ ಸ್ವಂತ ಹೆಸರು ಅದೇ, ಟೀಚರೇ, ಅದನ್ನೇ ಕಿತ್ತುಕೊಂಡರು, ಈಗ ನೀನು ಬಂದು ನೀವು ಯಾರ ಅಮ್ಮನೂ ಅಲ್ಲ ಅನ್ನುತ್ತೀ, ನಗುನಗುತ್ತ ಅನ್ನುತ್ತೀ, ನಿನಗೆ ಗೊತ್ತಿಲ್ಲ, ಗೊತ್ತಿದ್ದವರು ಎದುರಿಗೇ ಬುಟ್ಟಿ ಹಿಡಿದು ನಿಂತಿದ್ದಾರೆ, ಇನ್ಹೆ ಅಮ್ಮ, ಇನ್ನೊಂದು ಹಣ್ಣು ತಗೊಳ್ಳಿ, ಅನ್ನುತ್ತಾಳೆ ದೊಡ್ಡಮ್ಮ, ಇನ್ಹೆ ನನ್ನ ಮಗಳು, ಕುರಿತೀಬಾದಲ್ಲಿ ಗಂಡನ ಮನೆಯಲ್ಲಿ ಚೆನ್ನಾಗಿದ್ದಾಳೆ, ಅವಳ ಅಮ್ಮನೂ ಹೌದು ನಾನು, ಆದರೆ ಅವಳು ಎರಡನೆಯವಳು, ಎರಡನೆಯವಳ ಹೆಸರಿನಿಂದ ತಾಯಿಯನ್ನು ಯಾವ ಊರಲ್ಲಿ ಕರೆಯುತ್ತಾರೆ, ಮೊದಲನೆಯವನು ಹುಟ್ಟಲೇ ಇಲ್ಲ ಅಂದ ಹಾಗೆ.

ಹುಟ್ಟಿದ್ದ. ಈ ಬೊಂ ರೆತಿರೊ ಬೀದಿಯಲ್ಲೇ ಹುಟ್ಟಿದ್ದ, ಕತ್ತರಿಸಿದ ಬಟ್ಟೆ ತುಂಬಿಡುವ ಬುಟ್ಟಿಯಲ್ಲಿ ಮಲಗುತ್ತಿದ್ದ, ನಾನು ಹೊಲಿಗೆ ಯಂತ್ರ ನಿಲ್ಲಿಸಿದರೆ ಅಳುತ್ತಿದ್ದ, ಓಡಿಸಿದರೆ ಸುಮ್ಮನಾಗುತ್ತಿದ್ದ, ಹಾಗಾಗಿ ಓಡಿಸುತ್ತಲೇ ಇದ್ದೆ. ಮಾತು ಬಂದದ್ದೇ ತಡ ಮನೆಯ ಬಾಯಿಯಾದ, ಅವರಪ್ಪನಿಗೆ ಪೋರ್ಚುಗೀಸಿನಲ್ಲಿ ಬೆಲೆ ಹೇಳಲು ಬರುತ್ತಿತ್ತು, ಬೈಯಲು ಬರುತ್ತಿತ್ತು, ನನಗೆ ಅದೂ ಇಲ್ಲ, ಕರೆಂಟಿನ ಆಫೀಸಿಗೆ ಗಿಸೊಪ, ಮನೆ ಮಾಲೀಕನ ಹತ್ತಿರ ಗಿಸೊಪ, ಪೊಲೀಸು ಬಂದರೆ ಗಿಸೊಪ, ಬೀದಿಯ ಮುದುಕರಿಗೆ ಹಲ್ಲು ನೋವಾದರೆ ಗಿಸೊಪನನ್ನು ಸ್ವಲ್ಪ ಕಳಿಸ್ತೀರಾ. ಅವತ್ತು ನನಗೆ ರಕ್ತ ನಿಲ್ಲುತ್ತಿರಲಿಲ್ಲ, ಯಂತ್ರದ ಮುಂದಿನ ಮಣೆ ಒದ್ದೆ, ಅವನನ್ನು ಶಾಲೆ ಬಿಡಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದೆ, ಇನ್ನೂ ಹಾಲು ಹಲ್ಲು ಬೀಳುತ್ತಿದ್ದ ವಯಸ್ಸು, ಡಾಕ್ಟರು ದೊಡ್ಡ ದೊಡ್ಡ ಮೀಸೆಯವನು ಏನೇನೋ ಕೇಳಿದ, ಗಿಸೊಪ ಅದನ್ನು ನನಗೆ ಹೇಳಬೇಕು, ನಾನು ಹೇಳಿದ್ದನ್ನು ಡಾಕ್ಟರಿಗೆ ಹೇಳಬೇಕು, ಅವನ ಕಿವಿ ಕೆಂಪಾಗಿ ಹೋಗಿದೆ, ನನ್ನ ಮುಖ ನೋಡುವುದಿಲ್ಲ, ನನ್ನ ಚಪ್ಪಲಿ ನೋಡುತ್ತಿದ್ದಾನೆ, ಗರ್ಭಕೋಶ ಅನ್ನುವುದಕ್ಕೆ ನಮ್ಮ ಮಾತಲ್ಲಿ ಏನೆನ್ನುತ್ತಾರೆ ಅವನಿಗೆ ಗೊತ್ತಿಲ್ಲ, ನಾನು ಎಂದೂ ಅವನ ಎದುರು ಆಡಿದ ಮಾತಲ್ಲ ಅದು, ಸ್ವಲ್ಪ ಹೊತ್ತು ಯೋಚಿಸಿದ, ಆಮೇಲೆ ಅಂದ, ಅಮ್ಮ, ನಾನು ಹುಟ್ಟೋಕೆ ಮುಂಚೆ ಇದ್ದ ಜಾಗ ಇತ್ತಲ್ಲ, ಆ ಮನೆಗೆ ಹುಷಾರಿಲ್ವಂತೆ. ಮೀಸೆಯವನಿಗೆ ಅರ್ಥವಾಗಲಿಲ್ಲ ನಾನು ಯಾಕೆ ಅಳುತ್ತಿದ್ದೇನೆ ಅಂತ. ನನ್ನ ರಕ್ತವನ್ನೆಲ್ಲ ಈ ಭಾಷೆಯಿಂದ ಆ ಭಾಷೆಗೆ ಹೊತ್ತು ಹಾಕಿದ ಮಗು ಅದು, ಮನೆಗೆ ಬರುವಾಗ ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ತನ್ನ ಶಾಲೆಯ ಚೀಲ ಇಟ್ಟ, ಕಲೆ ಕಾಣಬಾರದೆಂದು. ಇಡೀ ಬೀದಿಯ ನೋವನ್ನು ಡಾಕ್ಟರುಗಳಿಗೆ ಹೇಳಿದವನು, ಅವನ ಸರದಿ ಬಂದಾಗ ಅವನದನ್ನು ಹೇಳಲು ಯಾರಿದ್ದರು, ಯಾರ ಹತ್ತಿರ ಆ ಮಾತಿತ್ತು, ನಮ್ಮಲ್ಲಿ ತಲೆನೋವಿಗೆ ಮಾತಿದೆ, ಹೊಟ್ಟೆನೋವಿಗಿದೆ, ಇದಕ್ಕೆ ಇದ್ದದ್ದು ಎರಡೇ ಮಾತು, ಸೋಮಾರಿತನ ಅಂತ ಒಂದು, ನಂಬಿಕೆ ಕಡಿಮೆ ಅಂತ ಒಂದು. ಮೊದಲನೆಯದನ್ನು ಅವರಪ್ಪ ಆಡಿದ, ಎರಡನೆಯದನ್ನು ಈ ದೊಡ್ಡಮ್ಮ.

ಟಕ್. ಗೋಡೆಯ ಆಚೆ ಯಾರದೋ ಆನೆ ಹೋಯಿತು, ನಗುತ್ತಿದ್ದಾರೆ. ಗಿಸೊಪ ಕಾಲೇಜು ಮುಗಿಸಿದ್ದ, ಕೆಲಸಕ್ಕೂ ಸೇರಿದ್ದ, ಒಂದು ದಿನ ಟೈ ಕಟ್ಟಿಕೊಂಡು ಕೂತವನು ಏಳಲಿಲ್ಲ, ಆಮೇಲೆ ಟೈ ಕಟ್ಟುವುದನ್ನೂ ಬಿಟ್ಟ, ಆಮೇಲೆ ಕೋಣೆಯ ಬಾಗಿಲು ಹಾಕಿಕೊಂಡ, ಹೊಟ್ಟೆ ಹಸಿದ್ರೆ ಬರ್ತಾನೆ ಬಿಡು, ಗಂಡಸು ಮಗ, ಮುದ್ದು ಮಾಡಿ ಹಾಳು ಮಾಡಿದೀಯ, ಅಂದ ಅವರಪ್ಪ, ಕತ್ತರಿ ಕೆಳಗಿಡದೆ. ಚಿಕ್ಕ ಮರದ ತಟ್ಟೆಯಲ್ಲಿ ಅನ್ನ, ಸೋಯಾ ಸಾರು, ಒಂದು ಬಟ್ಟಲು ಕಿಮ್ಚಿ, ಬಲಗಡೆಗೆ ಉದ್ದ ಹಿಡಿಕೆಯ ಅವನ ಸ್ಟೀಲು ಚಮಚ, ಬಾಗಿಲ ಹೊರಗೆ ಇಟ್ಟು ಬರುತ್ತಿದ್ದೆ, ಮೊದಲಲ್ಲಿ ಚಮಚಕ್ಕೆ ಒಂದು ಅಗುಳಾದರೂ ಅಂಟಿರುತ್ತಿತ್ತು, ಸಾರಿನ ಜಿಡ್ಡಿರುತ್ತಿತ್ತು, ಇಷ್ಟಾದರೂ ತಿಂದನಲ್ಲ ಅಂತ ಅದನ್ನು ತೊಳೆಯಲೂ ಮನಸ್ಸು ಬರುತ್ತಿರಲಿಲ್ಲ, ಆಮೇಲೆ ಅನ್ನ ಅಲ್ಲಲ್ಲಿ ಕೆದಕಿದ ಹಾಗಿರುತ್ತಿತ್ತು, ಅಮ್ಮನಿಗೆ ಬೇಜಾರಾಗಬಾರದೆಂದು, ಆದರೆ ಚಮಚ ಒಣಗಿರುತ್ತಿತ್ತು, ಅನ್ನ ಸುಳ್ಳು ಹೇಳುತ್ತದೆ, ಸಾರು ಸುಳ್ಳು ಹೇಳುತ್ತದೆ, ಚಮಚ ಹೇಳುವುದಿಲ್ಲ, ಒಣ ಚಮಚ, ಹೊಳೆಯುವ ಚಮಚ, ನನ್ನ ಮುಖವನ್ನೇ ತಲೆಕೆಳಗು ಮಾಡಿ ತೋರಿಸುವ ಚಮಚ. ಡಾಕ್ಟರ ಹತ್ತಿರ ಹೋಗೋಣ ಅಂದೆ. ಹುಚ್ಚಾಸ್ಪತ್ರೆ ಡಾಕ್ಟರ, ನಾಳೆ ಇಡೀ ಬೀದಿಗೆ ಗೊತ್ತಾಗುತ್ತೆ, ಇನ್ಹೆಗೆ ಗಂಡು ನೋಡೋದು ಬೇಡ್ವಾ, ಅಂದ ಅವರಪ್ಪ, ಆಮೇಲೆ ಸ್ವಲ್ಪ ಮೆತ್ತಗೆ, ಹೋದ್ರೂ ಅಲ್ಲಿ ನಿನ್ನ ಪರವಾಗಿ ಯಾರು ಮಾತಾಡ್ತಾರೆ. ನನ್ನ ಪರವಾಗಿ ಮಾತಾಡುತ್ತಿದ್ದವನು ಆ ಬಾಗಿಲ ಹಿಂದೆಯೇ ಇದ್ದನಲ್ಲ. ದೊಡ್ಡಮ್ಮ ಬಂದಳು, ಐದಾರು ಹೆಂಗಸರನ್ನು ಕಟ್ಟಿಕೊಂಡು, ಬಾಗಿಲಿಗೆ ಅಂಗೈ ಒತ್ತಿ ಜೋರಾಗಿ ಪ್ರಾರ್ಥನೆ ಮಾಡಿದರು, ಹಾಡಿದರು, ಒಳಗೆ ಒಬ್ಬ ಮನುಷ್ಯ ಇದ್ದಾನೆ ಅನ್ನುವುದನ್ನೇ ಮರೆತು ಮರದ ಹಲಗೆಯನ್ನು ಬೈದರು, ಹೊರಡುವಾಗ ದೊಡ್ಡಮ್ಮ ಉಂಗುರದ ಕೈಯಿಂದ ನನ್ನ ಕೈ ಹಿಡಿದು, ತಾಯಿ ಕಣ್ಣೀರಿನ ಪ್ರಾರ್ಥನೆ ಸಾಲ್ತಾ ಇಲ್ಲ ಗಿಸೊಪ್ ಅಮ್ಮ, ಉಪವಾಸ ಮಾಡಿ, ಅಂದಳು, ಎರಡು ಜನ ಉಪವಾಸ ಇದ್ದೆವು ಆ ಮನೆಯಲ್ಲಿ, ಬಾಗಿಲ ಈಚೆಗೊಬ್ಬಳು, ಆಚೆಗೊಬ್ಬ. ಒಂದು ಬೆಳಿಗ್ಗೆ ಬೀಗದವನನ್ನು ಕರೆಸಿದರು. ಅಷ್ಟೇ. ಅದರಿಂದ ಮುಂದಕ್ಕೆ ನನ್ನ ತಲೆ ಹೋಗುವುದಿಲ್ಲ, ಹೊಸ್ತಿಲ ಹತ್ತಿರ ತಟ್ಟೆಗೆ ಯಾರದೋ ಕಾಲು ತಾಗಿ ಚಮಚ ಉರುಳಿದ ಸದ್ದು, ಅಲ್ಲಿಗೆ ನಿಲ್ಲುತ್ತದೆ. ಸಂಜೆಯ ಹೊತ್ತಿಗೆ ಪಾಸ್ಟರೂ ನನ್ನ ಗಂಡನೂ ದೊಡ್ಡಮ್ಮನೂ ಅಡುಗೆಮನೆಯಲ್ಲಿ ಕೂತು ಏನೋ ತೀರ್ಮಾನ ಮಾಡಿ ಬಂದಿದ್ದರು, ನನ್ನನ್ನು ಕೇಳಲಿಲ್ಲ, ಹೇಳಿದರು, ಎದೆ ಬಡಿತ ನಿಂತುಹೋಯ್ತು, ಮಲಗಿದಲ್ಲೇ, ಹಾಗಂತ ಹೇಳ್ಬೇಕು, ಇಲ್ಲಾಂದ್ರೆ ಚರ್ಚಲ್ಲಿ ದೇಹ ಇಡಕ್ಕಾಗಲ್ಲ. ಎದೆ ನಿಂತಿತು ಅಂತ ಇಡೀ ಬೊಂ ರೆತಿರೊ ಅಂದಿತು, ಪಾಪ ಚಿಕ್ಕ ವಯಸ್ಸು, ಎದೆ ನಿಂತಿತಂತೆ, ಅವನ ಹಲ್ಲುನೋವಿನ ಮುದುಕರೂ ಅಂದರು. ಹೂಳಿ ಬಂದ ಮೇಲೆ, ಕತ್ತರಿಸುವ ಮೇಜಿನ ಆ ಕಡೆಯಿಂದ ನನ್ನ ಗಂಡ, ತಲೆ ಎತ್ತದೆ, ಇನ್ಹೆ ಅಮ್ಮ, ಸೀಮೆಸುಣ್ಣ ಕೊಡು, ಅಂದ. ಯಾರನ್ನು ಕರೆದ ಅಂತ ನಾನು ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಮಾರನೆಯ ದಿನ ದಾರದ ಅಂಗಡಿಯವನು, ಆಮೇಲೆ ಚರ್ಚಿನ ಹೆಂಗಸರು, ಎಲ್ಲರ ಬಾಯಲ್ಲೂ ಇನ್ಹೆ ಅಮ್ಮ, ಯಾರೂ ಮಾತಾಡಿಕೊಂಡಿರಲಿಲ್ಲ, ಆದರೂ ಎಲ್ಲರಿಗೂ ಗೊತ್ತಿತ್ತು, ನನಗೆ ನೋವಾಗಬಾರದು ಅಂತಲೇ ಮಾಡಿದ್ದು, ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು, ಒಂದು ಬೀದಿಗೆ ಬೀದಿಯೇ ಸೇರಿಕೊಂಡು ಒಳ್ಳೆಯ ಮನಸ್ಸಿನಿಂದ ನನ್ನ ಮಗನನ್ನು ನನ್ನ ಹೆಸರಿನಿಂದ ಎತ್ತಿ ಹಾಕಿದರು. ಮದುವೆಯಾಗದೆ ಅಪ್ಪ ಅಮ್ಮನಿಗಿಂತ ಮುಂಚೆ ಹೋದವನಿಗೆ ನಮ್ಮಲ್ಲಿ ಎಡೆ ಇಡುವುದಿಲ್ಲ, ಚರ್ಚಿನವರಾದರೆ ವರ್ಷಕ್ಕೊಮ್ಮೆ ನೆನೆದು ಪ್ರಾರ್ಥನೆ ಮಾಡುತ್ತಾರೆ, ಅದನ್ನೂ ಮಾಡಲಿಲ್ಲ, ಸತ್ತವರ ಅನ್ನಕ್ಕೆ ಒಂದು ಚಮಚ ಚುಚ್ಚಿ ನಿಲ್ಲಿಸುತ್ತಾರಲ್ಲ, ನನ್ನ ಮಗನಿಗೆ ಆ ಚಮಚವೂ ಇಲ್ಲ, ಬದುಕಿದ್ದಾಗಿನದು ಒಣಗಿತು, ಸತ್ತ ಮೇಲಿನದು ಯಾರೂ ಇಡಲಿಲ್ಲ.

ಈಗ ದಾಲೆ ಅಮ್ಮನ ಸರದಿ, ಅನ್ನುತ್ತಾಳೆ ಲೀದಿಯಾ, ನಾಲಿಗೆ ಕಚ್ಚಿಕೊಂಡು ನಗುತ್ತಾಳೆ, ನೋಡಿ ನಾನೇ ಮರೆತೆ, ನಿಮ್ಮ ಹೆಸರು ಹೇಳಿ. ದಾಲೆಯ ಅಮ್ಮ ಕಿತ್ತಳೆಯಿಂದ ಕಣ್ಣೆತ್ತಲಿಲ್ಲ. ನನ್ನ ಹೆಸರಿಗೇನು ಬಿಡಿ ಟೀಚರ್, ಅಂದಳು, ನಮ್ಮ ಹುಡುಗಿಗೆ ಸ್ವಲ್ಪ ಸುಸ್ತು, ಅದಕ್ಕೇ ನನಗೂ ನಿದ್ದೆ ಇಲ್ಲ ಅಷ್ಟೇ. ಎಂಥ ಸುಸ್ತು ಅಂತ ಕೇಳಿದಳು ಲೀದಿಯಾ. ಏನಿಲ್ಲ, ಕಾನೂನು ಪರೀಕ್ಷೆ ಅಂತ ಓದಿ ಓದಿ, ಪರೀಕ್ಷೆ ಮುಗಿದು ಸುಮಾರು ದಿನ ಆಯ್ತು, ಆದ್ರೂ ರೂಮಿಂದ ಬರಲ್ಲ, ಮಾತಾಡ್ಸಿದ್ರೆ ನಿದ್ದೆ ಬರ್ತಿದೆ ಅಂತಾಳೆ, ನಮ್ಮ ಜೊತೆ ಊಟಕ್ಕೂ ಬರಲ್ಲ, ತಟ್ಟೆ ಬಾಗಿಲ ಹತ್ರ ಇಟ್ಟು ಅಂಗಡಿಗೆ ಹೋಗ್ತೀನಿ, ಬಂದು ನೋಡಿದ್ರೆ ಅನ್ನ ಸ್ವಲ್ಪ ಕೆದಕಿರುತ್ತೆ. ಆಮೇಲೆ ಬೇರೆ ಯಾರಿಗೂ ಅಲ್ಲ, ಆ ಬಿಳಿ ನಾರಿಗೆ ಹೇಳುವ ಹಾಗೆ, ಚಮಚ ಮಾತ್ರ ಒಣಗಿರುತ್ತೆ, ಅಂದಳು. ನನಗೆ ಕಿವಿಯಲ್ಲಿ ಯಂತ್ರ ಓಡಿದ ಹಾಗಾಯಿತು. ಲೀದಿಯಾ ಮುಂದಕ್ಕೆ ಬಗ್ಗಿ, ಮೆತ್ತಗೆ, ಅವಳು ಜೀವದ ಬಗ್ಗೆ ಏನಾದ್ರೂ ಮಾತಾಡಿದಾಳಾ, ಸಾಯೋದು, ಇರೋದು ಅಂತ, ಎಂದು ಕೇಳಿದಳು, ಕೇಳಬೇಕಾದ್ದನ್ನೇ ಕೇಳಿದಳು, ಆದರೆ ಆ ಮಾತು ವೃತ್ತದ ನಡುವೆ ಬಿದ್ದದ್ದೇ ಎಲ್ಲರೂ ಕುರ್ಚಿ ಹಿಂದಕ್ಕೆ ಸರಿಸಿದ ಹಾಗೆ, ದಾಲೆಯ ಅಮ್ಮ ಬೆಚ್ಚಿ, ಅಯ್ಯೋ ಅಂಥದ್ದೆಲ್ಲ ಏನಿಲ್ಲಪ್ಪ, ನಮ್ಮ ಮನೇಲಿ ಅಂಥದ್ದೆಲ್ಲ ಇಲ್ಲ, ಬರೀ ಸುಸ್ತು. ಅಷ್ಟರಲ್ಲಿ ದೊಡ್ಡಮ್ಮ ಬುಟ್ಟಿ ಕೆಳಗಿಟ್ಟು ಅವಳ ಬೆನ್ನು ಸವರುತ್ತಿದ್ದಾಳೆ, ಅದೇ ಕೈ, ಅದೇ ಉಂಗುರ, ಟೀಚರ್ ನೀವು ಹೆದರಿಸ್ಬೇಡಿ, ದಾಲೆ ನಮ್ಮ ಕಣ್ಣೆದುರಿಗೆ ಬೆಳೆದ ಮಗು, ನಾಳೆ ಬೆಳಿಗ್ಗೆ ನಾವು ನಾಲ್ಕು ಜನ ಮನೆಗೆ ಬರ್ತೀವಿ, ಬಾಗಿಲ ಹತ್ರ ಕೂತು ಪ್ರಾರ್ಥನೆ ಮಾಡೋಣ, ಡಾಕ್ಟರು ಗೀಕ್ಟರು ಅಂತ ಹೊರಗೆ ಹೇಳೋಕೆ ಹೋಗ್ಬೇಡಿ ದಾಲೆ ಅಮ್ಮ, ಹುಡುಗನ ಕಡೆಯವರು ಇನ್ನೂ ಮಾತಾಡ್ತಾ ಇದಾರೆ. ನಾಳೆ. ನಾಳೆ ಬೆಳಿಗ್ಗೆ. ಬಾಗಿಲ ಹತ್ತಿರ. ಟಕ್ ಅಂತ ಗೋಡೆಯ ಆಚೆ ನನ್ನ ಗಂಡ ಕಾಯಿ ಕುಟ್ಟಿದ, ಗೆದ್ದನೇನೋ, ಈ ಮಾತು ಆಚೆ ಹೋಗಬಾರದು ಅಂತ ಅವತ್ತು ಅಡುಗೆಮನೆಯಲ್ಲಿ ನನ್ನ ಕೈ ಹಿಡಿದು ಆಣೆ ಹಾಕಿಸಿಕೊಂಡಿದ್ದ, ಇಪ್ಪತ್ತು ವರ್ಷದಿಂದ ಬಾಯಿ ಹಿಡಿದೇ ಇದ್ದೇನೆ, ಮನೆಗೆ ಹೋದರೆ ಏನೆನ್ನುತ್ತಾನೋ, ಅನ್ನಲಿ, ಗಂಟಲಿನ ಉಂಡೆ ಮೇಲಕ್ಕೆ ಬರುತ್ತಿದೆ, ಬರಲಿ, ಲೀದಿಯಾ, ನಿನ್ನ ಉಸಿರು ಅದನ್ನು ಹೊರಗೆ ತಳ್ಳಲಿಲ್ಲ, ಆ ಉಂಗುರದ ಕೈ ತಳ್ಳಿತು.

ಟೀಚರೇ, ಅಂದೆ, ನನ್ನ ಹೆಸರು ತಪ್ಪು ಹೇಳಿದೆ. ನನ್ನ ದನಿ ನನಗೇ ಯಾರದೋ ಅನಿಸಿತು, ಎತ್ತರಿಸಿರಲಿಲ್ಲ, ಎತ್ತರಿಸುವ ಅಭ್ಯಾಸವೇ ಇಲ್ಲ. ನಾನು ಗಿಸೊಪ್ ಅಮ್ಮ. ದೊಡ್ಡಮ್ಮನ ಕೈ ನಿಂತಿತು, ಇನ್ಹೆ ಅಮ್ಮ, ಅಂದಳು, ಮೆತ್ತಗೆ, ಮಗುವಿನ ಕೈಯಿಂದ ಕತ್ತರಿ ತೆಗೆದುಕೊಳ್ಳುವವರ ಹಾಗೆ. ಇನ್ಹೆ ಅಮ್ಮನೂ ಹೌದು, ಮೊದಲು ಗಿಸೊಪ್ ಅಮ್ಮ. ನನ್ನ ಮಗನ ಎದೆ ಗಟ್ಟಿಯಾಗಿತ್ತು ದಾಲೆ ಅಮ್ಮ, ಅದು ತಾನಾಗಿ ನಿಲ್ಲಲಿಲ್ಲ, ಅವನೇ ಜೀವ ಕಳ್ಕೊಂಡ. ಸತ್ತೋರ ವಿಷಯ ಈಗ್ಯಾಕೆ, ಅಂದಳು ದೊಡ್ಡಮ್ಮ, ಪಾಪ ಇವಳು ಹೆದರ್ಕೊಳ್ತಾಳೆ. ಹೆದರ್ಕೊಳ್ಳಲಿ, ಅಂದೆ, ನಮ್ಮನ್ನ ಯಾರೂ ಹೆದರಿಸಲಿಲ್ಲ. ಅವನೂ ಅನ್ನ ಕೆದಕಿ ಇಡ್ತಿದ್ದ. ಅವನ ಚಮಚಾನೂ ಒಣಗಿರ್ತಿತ್ತು. ನೀವೂ ನೋಡಿದ್ರಿ ದೊಡ್ಡಮ್ಮ, ತಟ್ಟೆ ದಾಟ್ಕೊಂಡು ಹೋಗಿ ಬಾಗಿಲಿಗೆ ಕೈ ಇಟ್ರಿ. ಅಷ್ಟೇ ಹೇಳಿದ್ದು, ಇನ್ನೂ ಎಷ್ಟೋ ಇತ್ತು, ಇಪ್ಪತ್ತು ವರ್ಷ ಒಳಗೇ ಆಡಿ ಆಡಿ ಪಾಠವಾದ ಮಾತುಗಳು, ಒಂದೂ ಬರಲಿಲ್ಲ, ಬೇಕಾಗಲೂ ಇಲ್ಲ, ದಾಲೆಯ ಅಮ್ಮ ಎದ್ದು ನಿಂತಿದ್ದಳು, ಮಡಿಲಿನ ತೊಳೆಗಳೆಲ್ಲ ನೆಲಕ್ಕೆ. ಗೋಡೆಯ ಆಚೆ ಕಾಯಿಗಳ ಸದ್ದಿಲ್ಲ. ಯಾರೂ ಕುಟ್ಟುತ್ತಿಲ್ಲ, ಯಾರೂ ನಗುತ್ತಿಲ್ಲ, ಒಂದು ಕುರ್ಚಿ ಎಳೆದ ಸದ್ದು, ಆಮೇಲೆ ಅದೂ ಇಲ್ಲ, ಹಲಗೆಯ ಆಚೆಯ ನನ್ನ ಗಂಡನ ಮುಖ ನನಗೆ ಕಾಣುತ್ತಿತ್ತು, ಕಾಣಲಿ, ಬರುವುದಾದರೆ ಬಾ, ಬಂದು ಎಲ್ಲರ ಎದುರಿಗೆ ಇನ್ಹೆ ಅಮ್ಮ ಅಂತ ಕರೆ ನೋಡೋಣ. ಬರಲಿಲ್ಲ. ಲೀದಿಯಾ ಆಗಲೇ ಫೋನು ಕಿವಿಗೆ ಹಿಡಿದು ಪೋರ್ಚುಗೀಸಿನಲ್ಲಿ ಬೇಗ ಬೇಗ ಮಾತಾಡುತ್ತಿದ್ದಳು, ಆರೋಗ್ಯ ಕೇಂದ್ರದ ಡಾಕ್ಟರು, ಇವತ್ತೇ, ಈಗಲೇ, ಸಂಜೆಯವರೆಗೂ ಇರ್ತಾರಂತೆ, ನಡೀರಿ, ನಾನೂ ಬರ್ತೀನಿ ಅಂತ ನಮ್ಮ ಮಾತಿಗೆ ತಿರುಗಿದಳು. ನಾನು ಕೋಲು ಹುಡುಕುತ್ತಿದ್ದೆ. ಅಕ್ಕಿ ಕಡುಬಿನವಳು, ತಾವರೆ, ಕುರ್ಚಿಯ ಕೆಳಗಿಂದ ಎತ್ತಿ ಕೊಟ್ಟಳು, ಕೊಡುವಾಗ ನನ್ನ ಕಣ್ಣು ನೋಡದೆ, ಹುಷಾರಾಗಿ ಮೆಟ್ಟಿಲು ಹತ್ತಿ, ಅಂದಳು, ಆಮೇಲೆ, ಗಿಸೊಪ್ ಅಮ್ಮ.

ಬೀದಿಯಲ್ಲಿ ತುಂತುರು, ಅಂಗಡಿ ಗಾಜುಗಳಲ್ಲಿ ತಲೆಯಿಲ್ಲದ ಗೊಂಬೆಗಳು ಮುಂದಿನ ಕಾಲದ ಬಟ್ಟೆ ಹಾಕಿಕೊಂಡು ನಿಂತಿವೆ, ಬಟ್ಟೆ ಮೂಟೆಯ ಕೈಗಾಡಿಯವನು ದಾರಿ ಬಿಡು ತಾಯಿ ಅನ್ನುತ್ತಾನೆ, ನೀನೇ ಬಿಡು, ನನ್ನ ಮಂಡಿ ಹೊತ್ತಿ ಉರಿಯುತ್ತಿದೆ, ಆದರೂ ಆ ಇಬ್ಬರ ಹಿಂದೆ ಬೀಳಲಿಲ್ಲ ನಾನು, ಸಿಟ್ಟು ಕೂಡ ಒಂದು ಕೋಲು ಅಂತ ಗೊತ್ತಿರಲಿಲ್ಲ. ಗುಂಡಿ ಅಂಗಡಿಯ ಪಕ್ಕದ ಕತ್ತಲೆ ಮೆಟ್ಟಿಲು, ಮೇಲೆ ಮನೆ, ಚಪ್ಪಲಿ ಬಿಚ್ಚುವ ಜಾಗ, ಉದ್ದಕ್ಕೆ ಓಣಿ, ಕೊನೆಗೆ ಬಾಗಿಲು. ಬಾಗಿಲ ಹೊರಗೆ ತಟ್ಟೆ. ಅನ್ನ, ಸಾರು, ಹುರಿದ ಮೀನಿನ ಅರ್ಧ, ಅನ್ನ ಒಂದು ಮೂಲೆಯಲ್ಲಿ ಕೆದಕಿದೆ, ಚಮಚ ಒಣಗಿದೆ, ಹೊಳೆಯುತ್ತಿದೆ, ನಾನು ಬಗ್ಗಿದರೆ ನನ್ನ ಮುಖ ತಲೆಕೆಳಗೆ. ದಾಲೆ, ದಾಲೆ, ಬಾಗಿಲು ತೆಗಿಯೇ, ಅಮ್ಮ ಕಣೇ, ಅಂತ ಬಡಿಯುತ್ತಿದ್ದಾಳೆ ಇವಳು, ಒಳಗೆ ಸದ್ದಿಲ್ಲ, ಬಡೀಬೇಡ, ಅಂದೆ, ಆ ಬಾಗಿಲಿಗೆ ಕೈ ಇಡಬೇಡ. ಗೋಡೆ ಹಿಡಿದು ಕೆಳಗೆ ಕೂತೆ, ಮಂಡಿ ಮಡಿಸಲಾಗದೆ ಕಾಲು ಚಾಚಿ, ತಟ್ಟೆಯನ್ನು ಮಡಿಲಿಗೆ ಎಳೆದುಕೊಂಡೆ, ಚಮಚ ತೆಗೆದುಕೊಂಡೆ, ಆರಿದ ಸಾರಿನಲ್ಲಿ ಅದ್ದಿದೆ, ತಿಂದೆ. ಯಾಕೆ ತಿಂದೆ, ಗೊತ್ತಿಲ್ಲ, ಆ ಚಮಚ ಒಣಗಿರುವುದನ್ನು ನೋಡಲಾಗಲಿಲ್ಲ, ಇನ್ನೊಂದು ಗಳಿಗೆಯೂ ಆಗುತ್ತಿರಲಿಲ್ಲ, ಜೋರಾಗಿ ತಿಂದೆ, ನಮ್ಮ ಕಡೆಯ ಮುದುಕಿಯರು ತಿನ್ನುವ ಹಾಗೆ ಸೊರ್ ಅಂತ, ಚಮಚ ಬಟ್ಟಲಿಗೆ ತಾಗುವ ಹಾಗೆ, ದಾಲೆಯ ಅಮ್ಮ ಬಾಯಿ ಬಿಟ್ಟುಕೊಂಡು ನಿಂತಿದ್ದಾಳೆ, ಲೀದಿಯಾ ಏನೋ ಹೇಳಹೊರಟವಳು ಹೇಳದೆ ನನ್ನ ಎದುರಿಗೆ ನೆಲದ ಮೇಲೆ ಕೂತಳು. ಸಾರಿಗೆ ಉಪ್ಪು ಕಮ್ಮಿ, ಅಂದೆ, ಬಾಗಿಲಿಗೆ. ಒಳಗೆ ಮಂಚ ಕಿರುಗುಟ್ಟಿತು. ದಾಲೆಯ ಅಮ್ಮ ಗೋಡೆಗೆ ಒರಗಿ ಹಾಗೇ ಜಾರಿ ಕೂತಳು, ಎರಡು ಕೈಯಲ್ಲಿ ಬಾಯಿ ಮುಚ್ಚಿಕೊಂಡು. ಹುಡುಗಿ ಇದ್ದಾಳೆ. ಇದ್ದಾಳೆ. ಯಾರದು, ಅಂತ ಒಳಗಿಂದ ದನಿ, ಬಳಸದೆ ತುಕ್ಕು ಹಿಡಿದ ದನಿ, ಯಾರು ನನ್ನ ಊಟ ತಿಂತಿರೋದು. ಗಿಸೊಪ್ ಅಮ್ಮ, ಅಂದೆ. ಮಳೆಯ ಸದ್ದು, ಕೆಳಗೆ ಯಾರೋ ಜಿಪ್ಪು ಕೇಳುತ್ತಿದ್ದಾರೆ, ಆಮೇಲೆ ಬರಿಗಾಲು ನೆಲದ ಮೇಲೆ, ಹತ್ತಿರ, ಇನ್ನೂ ಹತ್ತಿರ, ಬಾಗಿಲ ಆ ಮಗ್ಗುಲಿಗೇ ಯಾರೋ ಕೂತ ಹಾಗೆ. ಗಿಸೊಪ್ ಅಂದ್ರೆ ಯಾರು, ಅಂದಳು.

ಯಾರೂ ಕೇಳಿರಲಿಲ್ಲ. ಇಷ್ಟು ವರ್ಷದಲ್ಲಿ ಈ ಬೀದಿಯಲ್ಲಿ ಒಬ್ಬರೂ ಕೇಳಿರಲಿಲ್ಲ, ಇವಳಿಗೆ ತಿಳುವಳಿಕೆ ಬರುವ ಹೊತ್ತಿಗೇ ಅವನ ಹೆಸರನ್ನು ಮಡಿಸಿಟ್ಟಿದ್ದರು, ಅದಕ್ಕೇ ಕೇಳುತ್ತಾಳೆ, ಗೊತ್ತಿದ್ದವರು ಯಾರೂ ಕೇಳುವುದಿಲ್ಲ — ಹೇಳುತ್ತೇನೆ ಕಣೇ, ಎಲ್ಲ ಹೇಳುತ್ತೇನೆ, ಬಟ್ಟೆಯ ಬುಟ್ಟಿಯಲ್ಲಿ ಮಲಗುತ್ತಿದ್ದ, ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಚೀಲ ಇಟ್ಟ, ನಾನು ಹುಟ್ಟೋಕೆ ಮುಂಚೆ ಇದ್ದ ಜಾಗ ಅಂದ, ಅವನು, ನನ್ನ ಮಗ — ಬಾಗಿಲ ಚಿಲಕ ಕದಲಿತು, ಒಂದು ಬೆರಳಿನಷ್ಟು ಬೆಳಕು ಓಣಿಗೆ ಬಿತ್ತು, ನನ್ನ ಕೈಯ ಮೇಲೆ, ಕೈಯಲ್ಲಿನ ಚಮಚದ ಮೇಲೆ, ಅದು ಒದ್ದೆಯಾಗಿದೆ, ಅಗುಳು ಅಂಟಿದೆ, ನನಗೆ ಕಾಣುತ್ತಿರುವುದು ಅದಲ್ಲ, ಹೇಳಬೇಕು, ಬಾಯಿ ತೆರೆದಿದ್ದೇನೆ, ಅವನು, ಅಂದರೆ, ಅವನ ತಟ್ಟೆ, ಬಲಗಡೆಗೆ, ಉದ್ದ ಹಿಡಿಕೆಯದು, ಸ್ಟೀಲಿನದು, ಒಣಗಿದ್ದು, ಹೊಳೆಯುತ್ತಿದ್ದದ್ದು, ಅವನ ಚಮಚ